ಹೂವರ್‌ನ ಮೊದಲ ಹನ್ನೊಂದು ವರ್ಷಗಳನ್ನು ನಾನು ಬರೆದ ಬಗೆ

ಜೆ. ಎಡ್ಗರ್ ಹೂವರ್ ಎಂದೊಡನೆ ನೆನಪಾಗುವುದು ಎಂಟು ಅಧ್ಯಕ್ಷರ ಆಡಳಿತವನ್ನು ಕಂಡು, 1972ರಲ್ಲಿ ಸಾಯುವವರೆಗೂ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಮುಖ್ಯಸ್ಥನಾಗಿಯೇ ಉಳಿದ ಮುದುಕ. ಅವನ ಬಗ್ಗೆ ದೀರ್ಘ ಲೇಖನ ಬರೆಯಲು ಹೊರಟಾಗ ನಾನು ಆ ಮುದುಕನನ್ನು ಬದಿಗಿಟ್ಟು, 1913ರಿಂದ 1924ರವರೆಗಿನ ಅವಧಿಯನ್ನಷ್ಟೇ ಆರಿಸಿಕೊಂಡೆ. 1913ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಣ್ಣ ನೌಕರಿಗೆ ಸೇರಿ, ರಾತ್ರಿ ತರಗತಿಗಳಲ್ಲಿ ಕಾನೂನು ಓದಿದ. ಗ್ರಂಥಾಲಯದಲ್ಲಿ ಸೂಚೀಕರಣ ಮಾಡುತ್ತಲೇ ನಿವೃತ್ತನಾದ ನನಗೆ ಈ ಸಂಗತಿಯನ್ನು ಸುಮ್ಮನೆ ದಾಟಿ ಹೋಗಲು ಮನಸ್ಸಾಗಲಿಲ್ಲ.

ಪ್ರತಿ ವರ್ಷಕ್ಕೊಂದು ಹಾಳೆ ತೆಗೆದು, ಅವನ ಹುದ್ದೆ, ಮೇಲಧಿಕಾರಿ, ಕೈಯಲ್ಲಿದ್ದ ಕೆಲಸ ಇವನ್ನಷ್ಟೇ ಬರೆದುಕೊಂಡೆ. 1917ರಲ್ಲಿ ನ್ಯಾಯ ಇಲಾಖೆಗೆ ಸೇರಿದವನು 1919ರ ಆಗಸ್ಟ್‌ನಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿಗೇ, ತೀವ್ರಗಾಮಿಗಳ ಮೇಲೆ ಕಣ್ಣಿಡುವ ಹೊಸ ವಿಭಾಗದ ಮುಖ್ಯಸ್ಥನಾಗಿದ್ದ. ನ್ಯಾಯ ಇಲಾಖೆಯ ಮುಖ್ಯಸ್ಥ, ಅಟಾರ್ನಿ ಜನರಲ್ ಮಿಚೆಲ್ ಪಾಮರ್ ಮನೆಯ ಮೇಲೆ ಜೂನ್‌ನಲ್ಲಿ ಬಾಂಬ್ ದಾಳಿ ನಡೆದಿತ್ತು. ವಿಭಾಗ ಹುಟ್ಟಿದ್ದು ಆ ಭೀತಿಯಿಂದ.

ನನ್ನ ಲೇಖನ ಹೆಚ್ಚು ಹೊತ್ತು ನಿಂತದ್ದು ಆ ವಿಭಾಗದ ಕಾರ್ಡುಗಳ ಬಳಿ. ಲೇಖಕ, ಶೀರ್ಷಿಕೆ, ವಿಷಯ ಎಂಬ ಮೂರು ದಾರಿಗಳಿಂದ ಒಂದೇ ಪುಸ್ತಕವನ್ನು ತಲುಪುವಂತೆ ನಾವು ಕಾರ್ಡು ಜೋಡಿಸುತ್ತಿದ್ದೆವಲ್ಲ, ಹೂವರ್ ವ್ಯಕ್ತಿ, ಊರು, ಸಂಘಟನೆ ಎಂಬ ದಾರಿಗಳಿಂದ ಒಬ್ಬ ಮನುಷ್ಯನನ್ನು ತಲುಪುವ ಏರ್ಪಾಡು ಮಾಡಿಸಿದ. 1921ರ ಹೊತ್ತಿಗೆ ಅಲ್ಲಿ ಸುಮಾರು ನಾಲ್ಕೂವರೆ ಲಕ್ಷ ಕಾರ್ಡುಗಳಿದ್ದವು. ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ವಿರುದ್ಧದ ಗಡೀಪಾರು ಪ್ರಕರಣವನ್ನು ಅವನೇ ಸಿದ್ಧಪಡಿಸಿದ. 1919ರ ಡಿಸೆಂಬರ್ 21ರಂದು ಆಕೆಯೂ ಸೇರಿ 249 ಜನರನ್ನು ಹೊತ್ತ ಬುಫೋರ್ಡ್ ಹಡಗು ನ್ಯೂಯಾರ್ಕ್ ಬಿಟ್ಟಿತು. ಹೀಗಾಗಿ ಅವನ ಏರಿಕೆಯನ್ನು ಪತ್ತೇದಾರನ ಸಾಹಸಕಥೆಯಾಗಿ ಬರೆಯಲು ನಾನು ಒಪ್ಪಲಿಲ್ಲ. ಆ ವರ್ಷಗಳಲ್ಲಿ ಅವನು ಸ್ವತಃ ಯಾರನ್ನೂ ಬಂಧಿಸಿದವನಲ್ಲ. ಅವನದು ಕಡತದ ಮನುಷ್ಯನ ಏರಿಕೆ.

ಹಾಳೆಗಳನ್ನು ಸಾಲಾಗಿ ಹರಡಿದಾಗ ಮೇಲಧಿಕಾರಿಗಳ ಹೆಸರು ಬದಲಾಗುತ್ತಾ ಹೋಗುವುದು, ಇವನೊಬ್ಬನೇ ಉಳಿಯುವುದು ಎದ್ದು ಕಂಡಿತು. ತೀವ್ರಗಾಮಿಗಳೆಂದು ಶಂಕಿಸಿದವರನ್ನು ಹಿಡಿಯಲು ನ್ಯಾಯ ಇಲಾಖೆ 1920ರ ಜನವರಿಯಲ್ಲಿ ನಡೆಸಿದ ದಾಳಿಗಳಲ್ಲಿ ಸಿಕ್ಕಿಬಿದ್ದ ಸಾವಿರಕ್ಕೂ ಹೆಚ್ಚು ಜನರ ಗಡೀಪಾರು ವಾರಂಟುಗಳನ್ನು ಕಾರ್ಮಿಕ ಇಲಾಖೆಯ ಲೂಯಿಸ್ ಪೋಸ್ಟ್ ರದ್ದುಮಾಡಿದ ಮೇಲೆ ಪಾಮರ್‌ನ ಹೆಸರು ಕೆಟ್ಟಿತು. 1921ರಲ್ಲಿ ಹೂವರ್, ಮುಂದೆ ಎಫ್‌ಬಿಐ ಎನಿಸಿಕೊಂಡ ತನಿಖಾ ಬ್ಯೂರೋದ ಸಹಾಯಕ ನಿರ್ದೇಶಕನಾದ. ಹಗರಣಗಳ ನಡುವೆ ನಿರ್ದೇಶಕ ವಿಲಿಯಂ ಬರ್ನ್ಸ್ ಹೊರನಡೆದಾಗ, ಹೊಸ ಅಟಾರ್ನಿ ಜನರಲ್ ಹಾರ್ಲನ್ ಸ್ಟೋನ್ 1924ರ ಮೇ 10ರಂದು ಇಪ್ಪತ್ತೊಂಬತ್ತರ ಹೂವರ್‌ಗೆ ತಾತ್ಕಾಲಿಕವಾಗಿ ಹೊಣೆ ಒಪ್ಪಿಸಿದ.

ಬರೆಯಲು ಕಠಿಣವಾದದ್ದು 1920ರ ಆ ದಾಳಿಗಳಲ್ಲಿ ಹೂವರ್‌ನ ಪಾಲು. ಮನಸ್ಸಿಲ್ಲದೆ ಭಾಗಿಯಾಗಿದ್ದೆ ಎಂಬ ಅರ್ಥದ ಮಾತನ್ನು ಅವನು 1924ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ರೋಜರ್ ಬಾಲ್ಡ್‌ವಿನ್‌ಗೆ ಹೇಳಿದ್ದ. ಆದರೆ 1921ರ ಸೆನೆಟ್ ವಿಚಾರಣೆಯಲ್ಲಿ ಶೋಧನಾ ವಾರಂಟುಗಳ ಲೆಕ್ಕ ಕೇಳಿದಾಗ, ಈ ಕೆಲಸದ ಉಸ್ತುವಾರಿ ಹೂವರ್‌ನದು, ಅವನನ್ನೇ ಕೇಳಿ ಎಂದು ಪಾಮರ್ ಉತ್ತರಿಸಿದ್ದ. ಯಾವುದು ನಿಜವೆಂದು ನಾನು ಷರಾ ಬರೆಯಲಿಲ್ಲ. ಪಾಮರ್‌ನ ಉತ್ತರವನ್ನು ಮೊದಲು, ಬಾಲ್ಡ್‌ವಿನ್‌ಗೆ ಹೇಳಿದ್ದನ್ನು ಅದರ ಕೆಳಗೆ, ನೇಮಕದ ತಾರೀಖನ್ನು ಕೊನೆಗೆ ಇಟ್ಟೆ.