ಮೀಸೆ ಮೀನಿನ ಪ್ರಭೇದ ಗುರುತಿಸಲು ಡಿಎನ್‌ಎ: ನನ್ನ ಅನುಭವ

ಸಿಹಿನೀರಿನ ಮೀಸೆ ಮೀನುಗಳನ್ನು, ಅಂದರೆ ಕ್ಯಾಟ್‌ಫಿಶ್‌ಗಳನ್ನು, ಬಣ್ಣ ನೋಡಿ ಹೆಸರಿಸಲು ಹೋದರೆ ಮೋಸ ಹೋಗುತ್ತೇವೆ. ಕೆಸರು ನೀರಿನಲ್ಲಿ ಬಿಳಿಚಿಕೊಂಡಿರುವ ಮೀನೇ ತಿಳಿನೀರಿನಲ್ಲಿ ಕಪ್ಪಗಿರುತ್ತದೆ. ಡಿಎನ್‌ಎ ಬೇಕಾಗುವುದು ಇಂಥ ಕಡೆ. ಆದರೆ ಅದರ ಜೊತೆಗೆ ಇಡೀ ಮೀನನ್ನೂ ಜಾಡಿಯಲ್ಲಿ ಉಳಿಸಿಕೊಳ್ಳದಿದ್ದರೆ ಆ ಕೆಲಸಕ್ಕೆ ಬೆಲೆಯಿಲ್ಲ. ಮುಂದೊಂದು ದಿನ ಹೆಸರಿನ ಬಗ್ಗೆ ತಕರಾರು ಬಂದಾಗ ತೆಗೆದು ತೋರಿಸಲು ಇರುವುದು ಆ ಮೀನೊಂದೇ.

ಅಂಗಾಂಶಕ್ಕೆ ನಾನು ಬಲಬದಿಯ ಸೊಂಟದ ಈಜುರೆಕ್ಕೆಯ ಚೂರು ಕತ್ತರಿಸುತ್ತೇನೆ. ಎಡಬದಿ ಫೋಟೊ ಮತ್ತು ಅಳತೆಗೆ ಮೀಸಲು. ಎದೆರೆಕ್ಕೆಯ ಮುಳ್ಳಿನ ಹಲ್ಲುಗಳು, ಬೆನ್ನ ಹಿಂಬದಿಯ ಕೊಬ್ಬುರೆಕ್ಕೆಯ ಉದ್ದ, ಇವೆರಡೂ ಗುರುತಿನ ಲಕ್ಷಣಗಳು. ಅವುಗಳಿಗೆ ಕತ್ತರಿ ತಾಗಿಸಬಾರದು. ಚೂರನ್ನು ಅದರ ಹತ್ತು ಪಟ್ಟು 95% ಎಥನಾಲ್‌ನಲ್ಲಿಟ್ಟು, ಮರುದಿನ ಎಥನಾಲ್ ಬದಲಿಸುತ್ತೇನೆ. ಬದಲಿಸದಿದ್ದರೆ ರೆಕ್ಕೆಯಿಂದ ಹೊರಬರುವ ನೀರು ಎಥನಾಲನ್ನು ತೆಳುವಾಗಿಸುತ್ತದೆ, ಡಿಎನ್‌ಎ ತುಂಡಾಗುತ್ತದೆ. ಇಡೀ ಮೀನು 10% ಫಾರ್ಮಲಿನ್‌ಗೆ ಹೋಗುವುದು ಇದಾದ ಮೇಲೆ. ಕ್ರಮ ತಪ್ಪಿ ಫಾರ್ಮಲಿನ್ ಮೊದಲಾದರೆ ಡಿಎನ್‌ಎ ಪ್ರೋಟೀನಿನೊಂದಿಗೆ ಬೆಸೆದುಕೊಂಡು ಬಹುಪಾಲು ಕೈಬಿಟ್ಟ ಹಾಗೆಯೇ. ಒಂದು ಮೀನಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಬ್ಲೀಚ್‌ನಲ್ಲಿ ಅದ್ದಿ ತೊಳೆದು ಒರೆಸಬೇಕು.

ಹುರುಪೆಯಿಲ್ಲದ ಈ ಮೀನುಗಳ ದೊಡ್ಡ ಕಾಟವೆಂದರೆ ಲೋಳೆ. ಅದರಲ್ಲಿನ ಸಕ್ಕರೆ ಸರಪಳಿಗಳು ಡಿಎನ್‌ಎ ಜೊತೆಗೇ ಇಳಿದುಬಂದು ಪಿಸಿಆರ್, ಅಂದರೆ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕ್ರಿಯೆಯನ್ನು, ಕೆಡಿಸುತ್ತವೆ. ಹಾಗಾಗಿ ರೆಕ್ಕೆಯನ್ನು ಟಿಶ್ಯೂ ಕಾಗದದಲ್ಲಿ ಚೆನ್ನಾಗಿ ಒರೆಸಿ, 20 ಮಿಲಿಗ್ರಾಂ ಮೀರದಂತೆ ತೆಗೆದುಕೊಂಡು, ಪ್ರೋಟೀನೇಸ್ ಕೆ ಎಂಬ ಪ್ರೋಟೀನ್ ಕರಗಿಸುವ ಕಿಣ್ವ ಹಾಕಿ 56 ಡಿಗ್ರಿಯಲ್ಲಿ ಪೂರ್ತಿ ಕರಗಿಸುತ್ತೇನೆ. ಪಿಸಿಆರ್ ಆದ ಮೇಲೆ ಡಿಎನ್‌ಎ ಕಾಣಿಸುವ ಜೆಲ್‌ನಲ್ಲಿ ಪಟ್ಟಿ ಮೂಡದಿದ್ದರೆ ಹೆಚ್ಚಿನವರು ಡಿಎನ್‌ಎ ಪ್ರಮಾಣ ಏರಿಸುತ್ತಾರೆ. ಅದು ತಿರುಗುಬಾಣ, ಡಿಎನ್‌ಎಯೊಂದಿಗೆ ಲೋಳೆಯೂ ಹೆಚ್ಚುತ್ತದೆ. ಮೊದಲು 1:10 ತೆಳುಮಾಡಿ ನೋಡಬೇಕು.

ಪ್ರಭೇದ ಗುರುತಿಗೆ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ, ತಾಯಿಯಿಂದ ಬರುವ ಭಾಗ) ಸಿಓಐ ಎಂಬ ಜೀನಿನ ಸುಮಾರು 650 ಅಕ್ಷರಗಳ ತುಣುಕು ಸಾಕು. ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳಾದ ಫಿಶ್‌ಎಫ್1, ಫಿಶ್‌ಆರ್1 ಪ್ರೈಮರ್‌ಗಳು ಬಹುತೇಕ ಕೆಲಸ ಮಾಡುತ್ತವೆ. ಪಿಸಿಆರ್‌ನ 25 ಮೈಕ್ರೊಲೀಟರ್‌ನಲ್ಲಿ 12.5 ಮಾಸ್ಟರ್ ಮಿಕ್ಸ್ (ಕಿಣ್ವ ಮತ್ತಿತರ ಸಾಮಗ್ರಿಯ ಸಿದ್ಧ ಮಿಶ್ರಣ), 10 ಮೈಕ್ರೊಮೋಲಾರ್‌ನ ಎರಡೂ ಪ್ರೈಮರ್ ತಲಾ 1, ಡಿಎನ್‌ಎ 2, ಉಳಿದದ್ದು ನೀರು. 95 ಡಿಗ್ರಿಯಲ್ಲಿ 2 ನಿಮಿಷ. ನಂತರ 94ರಲ್ಲಿ 30 ಸೆಕೆಂಡು, 54ರಲ್ಲಿ 30 ಸೆಕೆಂಡು, 72ರಲ್ಲಿ 1 ನಿಮಿಷದಂತೆ 35 ಸುತ್ತು. ಕೊನೆಗೆ 72ರಲ್ಲಿ 10 ನಿಮಿಷ. ಡಿಎನ್‌ಎ ಇಲ್ಲದ ಒಂದು ನಳಿಗೆ ಪ್ರತಿ ಸಲವೂ ಇರಬೇಕು. ಅದರಲ್ಲೂ ಪಟ್ಟಿ ಕಂಡರೆ ಆ ಸಲದ ಎಲ್ಲ ನಳಿಗೆಗಳನ್ನೂ ಚೆಲ್ಲಿ.

ಸೀಕ್ವೆನ್ಸನ್ನು, ಅಂದರೆ ಡಿಎನ್‌ಎ ಅಕ್ಷರಗಳ ಸಾಲನ್ನು, ಎರಡೂ ದಿಕ್ಕಿನಿಂದ ಓದಿಸಿ, ಕಶೇರುಕ ಮೈಟೊಕಾಂಡ್ರಿಯದ ಸಂಕೇತ ಕೋಷ್ಟಕದಲ್ಲೇ ಪ್ರೋಟೀನಿಗೆ ಅನುವಾದಿಸಬೇಕು. ಅಲ್ಲಿ ಟಿಜಿಎ ಎಂಬ ಮೂರಕ್ಷರದ ಸಂಕೇತಕ್ಕೆ (ಕೋಡಾನ್) ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವೆಂದು ಅರ್ಥ; ಸಾಮಾನ್ಯ ಕೋಷ್ಟಕದಲ್ಲಿ ಅದೇ ನಿಲುಗಡೆ. ತಪ್ಪು ಕೋಷ್ಟಕ ಆರಿಸಿ ಗಾಬರಿಯಾಗುವವರು ಕಡಿಮೆಯಿಲ್ಲ. ಸರಿಯಾದ ಕೋಷ್ಟಕದಲ್ಲೂ ನಡುವೆ ನಿಲುಗಡೆ ಬಂದರೆ, ಕೈಗೆ ಸಿಕ್ಕಿರುವುದು ಜೀವಕೋಶದ ಕೇಂದ್ರಕಕ್ಕೆ ನುಸುಳಿ ಕೆಲಸ ಕಳೆದುಕೊಂಡ ಹಳೆಯ ನಕಲು ಇರಬಹುದು.

ಎರಡು ಮೀನುಗಳ ಸೀಕ್ವೆನ್ಸ್‌ಗಳ ನಡುವಿನ ಅಂತರ ಲೆಕ್ಕ ಹಾಕುವಾಗ, 2% ದಾಟಿದರೆ ಬೇರೆ ಪ್ರಭೇದ ಎಂಬ ಗೆರೆ ಎಲ್ಲರ ಬಾಯಲ್ಲಿದೆ. 2005ರಲ್ಲಿ ಆಸ್ಟ್ರೇಲಿಯಾದ 207 ಮೀನು ಪ್ರಭೇದಗಳಲ್ಲಿ ಸಿಓಐ ಅಳೆದಾಗ ಪ್ರಭೇದದೊಳಗೆ ಸರಾಸರಿ 0.39%, ಒಂದೇ ಕುಲದ ಪ್ರಭೇದಗಳ ನಡುವೆ 9.93% ವ್ಯತ್ಯಾಸ ಸಿಕ್ಕಿತ್ತು. ಅವು ಹೆಚ್ಚಾಗಿ ಕಡಲ ಮೀನುಗಳು. ನದಿಯ ಮೀನು ಬೆಟ್ಟ ದಾಟಿ ಪಕ್ಕದ ನದಿಗೆ ಹೋಗಲಾರದು. ಬಹುಕಾಲ ಬೇರೆಯಾಗಿದ್ದರೆ ಒಂದೇ ಪ್ರಭೇದದಲ್ಲೂ ಅಂತರ ಗೆರೆ ದಾಟಬಹುದು. ಆದ್ದರಿಂದ ಪ್ರತಿ ನದಿಯಿಂದ ಕನಿಷ್ಠ ಐದಾರು ಮೀನು ನೋಡದೆ ‘ಹೊಸ ಪ್ರಭೇದ’ ಎನ್ನುವುದಿಲ್ಲ.

ಮೈಟೊಕಾಂಡ್ರಿಯ ತಾಯಿಯ ಕಥೆಯನ್ನಷ್ಟೇ ಹೇಳುತ್ತದೆ. ಥಾಯ್ಲೆಂಡಿನಲ್ಲಿ ಅಲ್ಲಿನದೇ ಮೀಸೆ ಮೀನಾದ ಕ್ಲಾರಿಯಸ್ ಮ್ಯಾಕ್ರೊಸೆಫಾಲಸ್ ಹೆಣ್ಣಿಗೆ ಆಫ್ರಿಕಾದ ಕ್ಲಾರಿಯಸ್ ಗ್ಯಾರಿಪೈನಸ್ ಗಂಡನ್ನು ಕೂಡಿಸಿ ಮಿಶ್ರತಳಿ ಸಾಕುತ್ತಾರೆ. ಅದರ ಸಿಓಐ ಓದಿದರೆ ಅಪ್ಪಟ ಮ್ಯಾಕ್ರೊಸೆಫಾಲಸ್ ಎಂದೇ ಬರುತ್ತದೆ. ಅದಕ್ಕೇ ಆರ್‌ಎಜಿ1 ಅಥವಾ ಆರ್‌ಎಜಿ2ರಂಥ ಕೇಂದ್ರಕದ ಜೀನನ್ನೂ ಓದಿಸುತ್ತೇನೆ. ಅದರ ಸೀಕ್ವೆನ್ಸ್ ನಕ್ಷೆಯಲ್ಲಿ ಒಂದೇ ಜಾಗದಲ್ಲಿ ಎರಡು ಅಕ್ಷರಗಳ ಜೋಡಿ ಶಿಖರ ಬಂದರೆ ತಂದೆ ತಾಯಿಯ ಪ್ರತಿಗಳು ಬೇರೆಯಿವೆ ಎಂದರ್ಥ. ಸಿಓಐಯಲ್ಲಿ ಬಂದರೆ ಮೊದಲ ಅನುಮಾನ ಕಲಬೆರಕೆಯ ಮೇಲೆ.

ಕುಟುಂಬಗಳ ನಡುವಿನ ಹಳೆಯ ನಂಟಿಗೆ ಸಿಓಐ ಪ್ರಯೋಜನವಿಲ್ಲ. ಕೋಡಾನಿನ ಮೂರನೇ ಅಕ್ಷರ ಮತ್ತೆ ಮತ್ತೆ ಬದಲಾಗಿ ಹಳೆಯ ಗುರುತು ಅಳಿಸಿರುತ್ತದೆ. ಮೇಲ್ದವಡೆಯ ಮೂಳೆಯಲ್ಲಿ ಹಲ್ಲು ಉಳಿಸಿಕೊಂಡ ಡಿಪ್ಲೊಮಿಸ್ಟಿಡೇ ಕುಟುಂಬವೇ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಎಂದು ಅಂಗರಚನೆ ಹೇಳುತ್ತಿತ್ತು. 2006ರಲ್ಲಿ ಆರ್‌ಎಜಿ1, ಆರ್‌ಎಜಿ2 ಆಧರಿಸಿ ಕಟ್ಟಿದ ವೃಕ್ಷ ಆ ಜಾಗವನ್ನು ದಕ್ಷಿಣ ಅಮೆರಿಕದ ಲೋರಿಕಾರಿಯಾಯ್ಡೈ ಗುಂಪಿಗೆ ಕೊಟ್ಟಿತು. ಇಂಥ ವೃಕ್ಷ ಕಟ್ಟುವಾಗ ಮೀಸೆ ಮೀನಲ್ಲದ ಹೊರಗುಂಪು ಸೇರಿಸದಿದ್ದರೆ ಬುಡ ಯಾವುದೆಂದೇ ತಿಳಿಯದು.

ಸಾರ್ವಜನಿಕ ಭಂಡಾರದಲ್ಲಿ ತಪ್ಪು ಹೆಸರಿನ ಸೀಕ್ವೆನ್ಸ್‌ಗಳು ಬೇಕಾದಷ್ಟಿವೆ; 100% ಹೊಂದಿಕೆ ಬಂದರೂ ಅದರ ಹಿಂದೆ ಜಾಡಿಯ ಮೀನಿದೆಯೇ ಎಂದು ನೋಡುತ್ತೇನೆ. ನನ್ನದನ್ನು ಸೇರಿಸುವಾಗ ಜಾಡಿಯ ಸಂಖ್ಯೆ, ಹಿಡಿದ ಜಾಗ, ದಿನ ಬರೆದು, ಹೆಸರು ಖಚಿತವಿಲ್ಲದಿದ್ದರೆ ಕುಲದ ಹೆಸರಿಗೇ ನಿಲ್ಲಿಸುತ್ತೇನೆ.