ಸಂತೋಷದ ರಹಸ್ಯಗಳಲ್ಲಿ ಅಳುವೂ ಇದೆ

ಪ್ರಾರ್ಥನೆ ಮಾಡಿದರೆ ಮನಸ್ಸು ಹಗುರಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಮ್ಮ ತೀರಿಕೊಂಡ ವರ್ಷ ನನಗೆ ಹಾಗೇನೂ ಆಗಲಿಲ್ಲ. ಕೈಯಲ್ಲಿ ಜಪಸರ ಇರುತ್ತಿತ್ತು, ಬಾಯಿ ಯೇಸುವಿನ ತಾಯಿ ಮರಿಯಳಿಗೆ ಸಲ್ಲಿಸುವ ‘ನಮೋ ಮರಿಯಾ’ ಪ್ರಾರ್ಥನೆ ಹೇಳುತ್ತಿತ್ತು, ಮನಸ್ಸು ಮಾತ್ರ ಇನ್ನೆಲ್ಲೋ. ಚರ್ಚಿನ ಪೂಜೆಗೆ ಹೋದರೂ ಅದೇ ಕಥೆ.

ಆಗ ನನಗೆ ದಾರಿ ತೋರಿಸಿದ್ದು ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ಓದಲು ವೀರರ ಕಥೆ ಕೇಳಿದರು. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಜೀವನ ಮತ್ತು ಸಂತರ ಚರಿತ್ರೆ ಅಷ್ಟೇ. ಮಲಗಿದಲ್ಲೇ ಅವರು ಎರಡು ಬಗೆಯ ಕನಸು ಕಾಣುತ್ತಿದ್ದರು. ಹೆಸರು ಗಳಿಸುವ ಕನಸು ಕಾಣುವಷ್ಟು ಹೊತ್ತು ಖುಷಿ, ಮುಗಿದ ಮೇಲೆ ಬರೀ ಬೇಸರ. ಸಂತರ ಹಾಗೆ ಬದುಕಬೇಕು ಅನ್ನುವ ಯೋಚನೆ ಮುಗಿದ ಮೇಲೂ ಸಂತೋಷ ಹಾಗೇ ಉಳಿಯುತ್ತಿತ್ತು. ಈ ವ್ಯತ್ಯಾಸ ಅವರ ಕಣ್ಣಿಗೆ ಬಿತ್ತು. ಅಲ್ಲಿಂದಲೇ ಎಲ್ಲ ಶುರುವಾಯಿತು.

ನಾನೂ ಅದನ್ನೇ ಹಿಡಿದುಕೊಂಡೆ. ಪ್ರಾರ್ಥಿಸುವಾಗ ಹೇಗನ್ನಿಸುತ್ತಿದೆ ಅಂತ ಗಮನಿಸುವುದನ್ನು ಬಿಟ್ಟೆ, ಆಮೇಲೆ ಏನು ಉಳಿಯುತ್ತದೆ ಅಂತ ನೋಡತೊಡಗಿದೆ. ರಾತ್ರಿ ಮಲಗುವ ಮುಂಚೆ ಬೆಳಗಿನಿಂದ ಆದದ್ದನ್ನು ಒಮ್ಮೆ ನೆನೆಯುವುದು, ಮೊದಲು ಒಂದು ಥ್ಯಾಂಕ್ಸ್ ಹೇಳುವುದು, ಎಲ್ಲಿ ದೇವರ ಹತ್ತಿರ ಇದ್ದೆ, ಎಲ್ಲಿ ದೂರ ಸರಿದೆ ಅಂತ ನೋಡುವುದು, ಕ್ಷಮೆ ಕೇಳುವುದು, ನಾಳೆಯನ್ನು ಅವನ ಕೈಗೆ ಒಪ್ಪಿಸುವುದು. ಇಷ್ಟೇ. ನಿದ್ದೆ ಬಂದರೆ ಬರಲಿ, ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಏನೂ ಅನ್ನಿಸದ ಪ್ರಾರ್ಥನೆಯ ಮರುದಿನ ಯಾರ ಮೇಲೋ ರೇಗಬೇಕಾದಲ್ಲಿ ಸುಮ್ನೆ ಇದ್ದದ್ದು ಹೀಗೆ ನೋಡುವಾಗಲೇ ತಿಳಿಯಿತು. ಸಮಾಧಾನ ಬಂದಿತ್ತು, ನಾನು ಕಾಯುತ್ತಿದ್ದ ಬಾಗಿಲಿನಿಂದ ಅಲ್ಲ.

ಇಗ್ನೇಷಿಯಸ್‌ರ ಇನ್ನೊಂದು ಮಾತು ಹಟಮಾರಿಗಳಿಗೆ ಹೇಳಿ ಮಾಡಿಸಿದ್ದು. ಮನಸ್ಸು ಕುಗ್ಗಿದಾಗ ಮೊದಲಿನ ನಿರ್ಧಾರ ಬದಲಿಸಬಾರದು. ಪ್ರಾರ್ಥನೆ ಬೇಗ ಮುಗಿಸೋಣ ಅನ್ನಿಸಿದರೆ ಸ್ವಲ್ಪ ಜಾಸ್ತಿಯೇ ಕೂರಬೇಕು. ನಾನು ಒಂದು ‘ನಮೋ ಮರಿಯಾ’ ಹೆಚ್ಚಿಗೆ ಹೇಳಿ ಏಳುತ್ತಿದ್ದೆ. ಅದರಲ್ಲಿ ಭಕ್ತಿಗಿಂತ ಮೊಂಡುತನವೇ ಜಾಸ್ತಿ ಇತ್ತು. ಪರವಾಗಿಲ್ಲ.

ಆದರೆ ನಿಜವಾದ ಆನಂದ ನನಗೆ ಸಿಕ್ಕಿದ್ದು ಜಪಸರದ ಸಂತೋಷದ ರಹಸ್ಯಗಳಲ್ಲಿ, ಅಂದರೆ ಜಪಸರ ಹೇಳುತ್ತಾ ಧ್ಯಾನಿಸುವ, ಯೇಸು ಮತ್ತು ಮರಿಯಳ ಬದುಕಿನ ಐದು ಘಟನೆಗಳಲ್ಲಿ. ಸೋಮವಾರ, ಶನಿವಾರ ಹೇಳುವುದು ಇವನ್ನೇ. ಮೊದಲೆಲ್ಲ ಹೆಸರು ನೋಡಿ ಸುಲಭ ಅಂದುಕೊಂಡು ಓಡಿಸುತ್ತಿದ್ದೆ. ದುಃಖದಲ್ಲಿ ನಿಧಾನವಾಗಿ ಹೇಳಿದಾಗ ಬೇರೆಯೇ ಕಂಡಿತು. ನಾಲ್ಕನೆಯದರಲ್ಲಿ ಮಗು ಯೇಸುವನ್ನು ದೇವಾಲಯದಲ್ಲಿ ಅರ್ಪಿಸಲು ಬಂದ ತಾಯಿಗೆ ಮುದುಕ ಸಿಮೆಯೋನ ಹೇಳುವುದೇನು? ನಿನ್ನ ಪ್ರಾಣವನ್ನೇ ಕತ್ತಿ ಇರಿಯುತ್ತದೆ ಅಂತ! ಐದನೆಯದರಲ್ಲಿ ಹನ್ನೆರಡು ವರ್ಷದ ಹುಡುಗ ಯೇಸು ಕಾಣೆಯಾಗುತ್ತಾನೆ. ಮೂರು ದಿನದ ಮೇಲೆ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಾ ಸಿಗುತ್ತಾನೆ. ‘ಮಗನೇ, ನಮಗೆ ಯಾಕೆ ಹೀಗೆ ಮಾಡಿದೆ?’ ಅಂತ ತಾಯಿ ಕೇಳುತ್ತಾಳೆ. ಅವನು ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಅಂತ ಲೂಕನ ಶುಭಸಂದೇಶ ನೇರವಾಗಿಯೇ ಹೇಳುತ್ತದೆ. ಅವಳು ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳಂತೆ.

ಇದನ್ನೂ ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚು, ಸಂತೋಷ ಅಂತಲೇ ಕರೆಯುತ್ತದೆ, ಅಲ್ವಾ? ಹಾಗಾದರೆ ನನ್ನ ಅಳುವಿಗೂ ಅದರಲ್ಲಿ ಜಾಗ ಇದೆ. ಅಮ್ಮನ ಸಾವಿಗೆ ಅರ್ಥ ಹುಡುಕುವುದನ್ನು ಪಕ್ಕಕ್ಕಿಟ್ಟೆ. ಐದನೆಯ ರಹಸ್ಯ ಬಂದಾಗ ಹುಡುಕುತ್ತಿದ್ದ ಮರಿಯಳ ಜೊತೆ ನಾನೂ ನಡೆಯುತ್ತಿದ್ದೆ. ಒಂದು ಶನಿವಾರ, ಕಣ್ಣೀರು ಇನ್ನೂ ಆರಿರಲಿಲ್ಲ, ಒಳಗೆ ಮಾತ್ರ ಸಣ್ಣಗೆ ಖುಷಿ. ಎರಡೂ ಒಟ್ಟಿಗೆ ಇರಬಹುದು ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ತೀರಾ ಮಾತೇ ಹೊರಡದ ದಿನಗಳು ಈಗಲೂ ಬರುತ್ತವೆ. ಆಗ ಬೈಬಲಿನ 88ನೆಯ ಕೀರ್ತನೆ ತೆಗೆಯುತ್ತೇನೆ. ಹೆಚ್ಚಿನ ಗೋಳಿನ ಕೀರ್ತನೆಗಳು ಕೊನೆಗೆ ಸ್ತುತಿಗೆ ತಿರುಗುತ್ತವೆ, ಇದು ಕತ್ತಲಲ್ಲೇ ನಿಲ್ಲುತ್ತದೆ. ಶುಕ್ರವಾರದ ರಾತ್ರಿ ಪ್ರಾರ್ಥನೆಗೆ ಧರ್ಮಸಭೆ ಇಟ್ಟಿರುವುದೂ ಇದನ್ನೇ. ಗುರುಗಳು, ಸನ್ಯಾಸಿನಿಯರು ವಾರಕ್ಕೊಮ್ಮೆ ಇದನ್ನು ಹೇಳುತ್ತಾರೆ, ಅವತ್ತು ಅವರು ಖುಷಿಯಾಗಿದ್ದರೂ ಕೂಡ. ನನ್ನ ಪರವಾಗಿ ಹೇಳುತ್ತಿದ್ದಾರೆ ಅಂದುಕೊಳ್ಳುತ್ತೇನೆ. ನನ್ನ ದಿನ ಚೆನ್ನಾಗಿದ್ದಾಗ ಇನ್ಯಾರದ್ದೋ ಪರವಾಗಿ ನಾನು ಹೇಳುತ್ತೇನೆ.