ಸೇರು, ಪಾವು, ಹಮ್ಮುರಾಬಿ: ಆನ್‌ಲೈನಲ್ಲಿ ಹಿಸ್ಟರಿ ಪಾಠ ಮಾಡಿದ ನನ್ನ ಅನುಭವ

ಬ್ಯಾಬಿಲೋನಿನ ರಾಜ ಹಮ್ಮುರಾಬಿ ಕ್ರಿ.ಪೂ. 1792ರಿಂದ 1750ರ ತನಕ ಆಳಿದ ಅಂತ ನೋಟ್ಸಲ್ಲಿ ಬರೆದು ಗ್ರೂಪಿಗೆ ಹಾಕಿದ್ದೆ. ರಾತ್ರಿ ಹತ್ತೂವರೆಗೆ ಹೊಸನಗರ ಕಡೆಯ ಒಬ್ಬ ಹುಡುಗನ ಮೆಸೇಜು, "ಮೇಡಂ ಟೈಪಿಂಗ್ ಮಿಸ್ಟೇಕ್ ಆಗಿದೆ, 1750ರಿಂದ 1792 ಆಗ್ಬೇಕು, ಬೇರೆಯವ್ರು ನೋಡೋ ಮುಂಚೆ ಸರಿ ಮಾಡ್ಬಿಡಿ" ಅಂತ. ನನ್ನ ಮರ್ಯಾದೆ ಉಳಿಸೋಕೆ ಪಾಪ ಗ್ರೂಪಲ್ಲಿ ಹಾಕದೆ ನನಗೊಬ್ಬಳಿಗೇ ಕಳಿಸಿದ್ದ. ಮೊದ್ಲು ನಗು ಬಂತು, ಆಮೇಲೆ ನಿದ್ದೆ ಬರ್ಲಿಲ್ಲ. ಅಷ್ಟೊತ್ತಿಗೆ ಮೂರು ವಾರ ಪಾಠ ಆಗಿತ್ತು, ಇರಾಕಿನ ಹಳೇ ನಗರ ಉರುಕ್ ಮುಗಿದಿತ್ತು, ಪಿರಮಿಡ್ಡೂ ಮುಗಿದಿತ್ತು, ಕ್ರಿ.ಪೂ. ವರ್ಷ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೆ ಅನ್ನೋದೇ ಗೊತ್ತಿಲ್ಲ, ಅಂದ್ರೆ ಮೂರು ವಾರದಿಂದ ಇವನ ತಲೆಲಿ ರಾಜರೆಲ್ಲ ಮೊದ್ಲು ಸತ್ತು ಆಮೇಲೆ ಪಟ್ಟಕ್ಕೆ ಬರ್ತಿದ್ರು. ಮಾರನೇ ದಿನ ಕೇಳಿದ್ರೆ ಅವನೊಬ್ಬನೇ ಅಲ್ಲ, ಅರ್ಧ ಕ್ಲಾಸು ಹಂಗೇ.

ಇದು ಕೊರೊನಾಗೆ ಕಾಲೇಜು ಮುಚ್ಚಿದ್ದ 2020ರ ಮಳೆಗಾಲದ ಕಥೆ. ನಾನು ಶಿವಮೊಗ್ಗದಲ್ಲಿ ಡಿಗ್ರಿ ಹುಡುಗ್ರಿಗೆ ಹಿಸ್ಟರಿ ಹೇಳೋಳು, ಹುಟ್ಟೂರು ತೀರ್ಥಹಳ್ಳಿ ಕಡೆ. ಕ್ಲಾಸಲ್ಲಾದ್ರೆ ಮುಖ ನೋಡಿದ್ರೆ ಗೊತ್ತಾಗುತ್ತೆ ಯಾರಿಗೆ ಅರ್ಥ ಆಗಿಲ್ಲ ಅಂತ, ಇಲ್ಲಿ ಮುಖ ಎಲ್ಲಿದೆ, ಬರೀ ಗೋಲದೊಳಗೆ ಇಂಗ್ಲಿಷ್ ಅಕ್ಷರ. ನನ್ನ ಪೇಪರಿಗೆ ಮೂವತ್ತೆಂಟು ಜನ, ಲೈವ್ ಕ್ಲಾಸಿಗೆ ಬಂದವರು ಒಂಬತ್ತು, ಆ ಒಂಬತ್ತರಲ್ಲಿ ಇಬ್ಬರು ಗುಡ್ಡದ ನೆತ್ತಿ ಮೇಲೆ ಛತ್ರಿ ಹಿಡ್ಕೊಂಡು ನಿಂತವರು, ಜೋರು ಗಾಳಿ ಬಂದ್ರೆ ನಾನು ಹೇಳೋದಕ್ಕಿಂತ ಅವರ ಮೈಕಿಂದ ಬರೋ ಶಬ್ದವೇ ಜಾಸ್ತಿ. ಅಂಥದ್ರಲ್ಲಿ ನಾನು ಅರವತ್ತು ಸ್ಲೈಡಿನ ಪಿಪಿಟಿ ಮಾಡ್ಕೊಂಡು ಕೂತಿದ್ದೆ, ಬಣ್ಣಬಣ್ಣದ ಮ್ಯಾಪು ಬೇರೆ! ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಪಿಪಿಟಿ ಬಿಟ್ಟೆ. ಬೆಳಗಿನ ಜಾವ ಐದಕ್ಕೆ ಎದ್ದು, ಹಂಚಿನ ಮೇಲೆ ಮಳೆ ಶಬ್ದ ಸ್ವಲ್ಪ ಕಮ್ಮಿ ಇದ್ದಾಗ, ಫೋನಲ್ಲೇ ಹನ್ನೆರಡು ನಿಮಿಷ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕೋದು, ಎರಡು ಮೂರು ಎಂಬಿ ಅಷ್ಟೆ, ಸಿಗ್ನಲ್ ಬಂದಾಗ ಡೌನ್‌ಲೋಡ್ ಮಾಡ್ಕೊಂಡು ಕೊಟ್ಟಿಗೇಲೋ ತೋಟದಲ್ಲೋ ಕೇಳಲಿ ಅಂತ. ಲೈವ್ ಭಾನುವಾರ ಸಂಜೆ ಮಾತ್ರ, ಅದೂ ಪ್ರಶ್ನೆ ಕೇಳೋಕೆ, ಜಗಳ ಆಡೋಕೆ. ಟೆಕ್ನಾಲಜಿ ವಿಷಯ ಇಷ್ಟೇ, ಇದರಲ್ಲಿ ದೊಡ್ಡ ಸಾಧನೆ ಏನಿಲ್ಲ.

ವರ್ಷ ಉಲ್ಟಾ ಆಗೋ ಸಮಸ್ಯೆಗೆ ದಾರಿ ತೋರಿಸಿದ್ದು ನಮ್ಮನೆ ಬಚ್ಚಲು. ಮಲೆನಾಡಲ್ಲಿ ಮಳೆಗಾಲ ಅಂದ್ರೆ ಗೊತ್ತಲ್ಲ, ಬಟ್ಟೆ ಒಣಗೋದು ಹಂಡೆ ಒಲೆ ಹತ್ರ ಕಟ್ಟಿದ ಹಗ್ಗದ ಮೇಲೇ. ಬಟ್ಟೆ ತಿರುವಿ ಹಾಕ್ತಾ ಇರೋವಾಗ ಹೊಳೀತು. ಎಲ್ಲರಿಗೂ ಹೇಳಿದೆ, ಆರು ಮೀಟರ್ ಹಗ್ಗ ಹುಡುಕಿ, ಒಂದು ಮೀಟರಿಗೆ ಸಾವಿರ ವರ್ಷ, ಅಂದ್ರೆ ಒಂದು ಮಿಲಿಮೀಟರಿಗೆ ಒಂದು ವರ್ಷ, ಒಲೆ ಕಡೆ ತುದಿ ಇವತ್ತು, ಅಲ್ಲಿಂದ ಹಿಂದಕ್ಕೆ ಕ್ಲಿಪ್ ಹಾಕ್ಕೊಂಡು ಹೋಗಿ ಅಂತ. 1947 ಒಲೆಯಿಂದ ನಾಲ್ಕು ಬೆರಳು ದೂರ. ನಮ್ಮ ಶಿಕಾರಿಪುರದ ತಾಳಗುಂದದಲ್ಲಿ ಸಿಕ್ಕಿರೋ ಸಿಂಹಕಟಾಂಜನದ, ಅಂದ್ರೆ ಮೆಟ್ಟಿಲ ಪಕ್ಕದ ಸಿಂಹದ ಕಲ್ಲಿನ ಮೇಲಿನ, ಕನ್ನಡ ಶಾಸನ, ಕ್ರಿ.ಶ. 370ರದ್ದು ಅಂತ ಪುರಾತತ್ವ ಇಲಾಖೆಯವರು ಹೇಳೋದು, ಅದು ಒಂದೂಮುಕ್ಕಾಲು ಮೀಟರಿಗಿಂತ ಸ್ವಲ್ಪ ಈಚೆ. ಹಮ್ಮುರಾಬಿ ಮೂರೂಮುಕ್ಕಾಲು ಮೀಟರ್ ದಾಟಿ. ಹರಪ್ಪದ ನಗರಗಳ ಒಳ್ಳೆ ಕಾಲ, ಕ್ರಿ.ಪೂ. 2600ರಿಂದ 1900, ಹೆಚ್ಚುಕಮ್ಮಿ ಮುಕ್ಕಾಲು ಮೀಟರ್ ಉದ್ದಕ್ಕೆ ಒಂದು ಟವಲ್ ಹರವಿದ ಹಂಗೆ. ಉರುಕ್‌ನ ಮೊದಲ ಬರವಣಿಗೆ ಐದು ಮೀಟರ್ ದಾಟಿ ಗೋಡೆ ಹತ್ರ. ಹೊಸನಗರದ ಹುಡುಗ ಫೋಟೋ ಕಳಿಸಿದ, 1792 ಆ ಕಡೆ, 1750 ಈ ಕಡೆ, ಮಧ್ಯೆ ನಾಲ್ಕು ಸೆಂಟಿಮೀಟರ್, ಕೆಳಗೆ ಅವರಪ್ಪನ ಒದ್ದೆ ಪಂಚೆ. "ಸಾರಿ ಮೇಡಂ" ಅಂತ ಒಂದೇ ಸಾಲು ಬರೆದಿದ್ದ.

ಆ ಫೋಟೋ ನೋಡಿದ ಮೇಲೆ ನನಗೆ ಒಂದು ವಿಷಯ ತಲೆಗೆ ಹೋಯ್ತು. ಕ್ಲಾಸ್‌ ರೂಮಲ್ಲಿ ಇವರ ಹತ್ರ ಬೆಂಚು ಬ್ಯಾಗು ಬಿಟ್ರೆ ಏನಿರುತ್ತೆ. ಈಗ ಮೂವತ್ತೆಂಟು ಜನ ಮೂವತ್ತೆಂಟು ಮನೇಲಿ ಕೂತಿದಾರೆ, ಆ ಮನೇಲಿ ಗದ್ದೆ ಇದೆ ತೋಟ ಇದೆ ಅಟ್ಟ ಇದೆ ಅಜ್ಜಿ ಇದಾರೆ, ಮ್ಯೂಸಿಯಂ ಒಳಗೇ ಕೂತಿದಾರೆ ಅಂದ್ರೂ ತಪ್ಪಿಲ್ಲ, ನಾನು ಮಾತ್ರ ಅವರನ್ನ ಸ್ಕ್ರೀನ್ ನೋಡಿ ಅಂತ ಬೈತಾ ಇದ್ದೆ.

ಸಿಂಧೂ ನಾಗರಿಕತೆ, ಅಂದ್ರೆ ಹರಪ್ಪದ ಪಾಠಕ್ಕೆ ಅಟ್ಟದಿಂದ ಹಳೇ ಅಳತೆ ಪಾತ್ರೆ ಇಳಿಸಿ ಅಂದೆ. ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು. ಒಂದೊಂದೂ ಹಿಂದಿನದರ ಎರಡರಷ್ಟು, ಒಂದು ಎರಡು ನಾಲ್ಕು ಎಂಟು ಹದಿನಾರು. ಅಕ್ಕಿ ಸುರಿದು ಲೆಕ್ಕ ಹಾಕಿ ನೋಡಿ ಅಂದೆ, ಹಾಕಿದ್ರು. ಆಮೇಲೆ ಆಡಿಯೋದಲ್ಲಿ ಹೇಳಿದೆ, ಮೊಹೆಂಜೊದಾರೊದಲ್ಲಿ ಹರಪ್ಪದಲ್ಲಿ ಲೋಥಲ್‌ನಲ್ಲಿ ಸಿಕ್ಕಿರೋ ಚರ್ಟ್ ಕಲ್ಲಿನ ಘನಾಕೃತಿ ತೂಕದ ಬಟ್ಟುಗಳೂ ಹಿಂಗೇ, ಒಂದರಿಂದ ಅರವತ್ನಾಲ್ಕರ ತನಕ ದುಪ್ಪಟ್ಟು ದುಪ್ಪಟ್ಟು, ಜಾಸ್ತಿ ಸಿಗೋದು ಹದಿನಾರನೇದು, ಸುಮಾರು 13.7 ಗ್ರಾಂ. ಊರಿಂದ ಊರಿಗೆ ನೂರಾರು ಮೈಲಿ ದೂರ ಇದ್ರೂ ತೂಕ ಹೆಚ್ಚುಕಮ್ಮಿ ಅದೇ. ಅಷ್ಟು ಹೇಳಿದ್ದೇ ತಡ ಗ್ರೂಪಲ್ಲಿ "ನಮ್ಮ ಸೇರು ಹರಪ್ಪದಿಂದ ಬಂದಿದ್ದು" ಅಂತ ಸ್ಟೇಟಸ್ ಹಾಕೋಕೆ ಶುರು ಮಾಡಿದ್ರು! ತಡೀರಪ್ಪಾ ಅಂದೆ. ಅದು ತೂಕ, ಇದು ಅಳತೆ. ತಕ್ಕಡಿ ಇದ್ರೆ ಎರಡೂ ಕಡೆ ಸಮ ಮಾಡಿದ್ರೆ ಅರ್ಧ ಸಿಗುತ್ತೆ, ಅರ್ಧದ ಅರ್ಧ ಸಿಗುತ್ತೆ, ಮೂರು ಭಾಗ ಮಾಡೋದು ಕಷ್ಟ, ಹಂಗಾಗಿ ಲೋಕದ ಎರಡು ಕಡೆ ಬೇರೆಬೇರೆಯಾಗೇ ಇದೇ ಲೆಕ್ಕ ಹುಟ್ಟಬಹುದು. ಹೋಲಿಕೆ ಇದೆ ಅಂದ ತಕ್ಷಣ ಸಂಬಂಧ ಕಟ್ಟೋದು ಹಿಸ್ಟರಿ ಅಲ್ಲ ಅಂತ ನಾನು ಹನ್ನೊಂದು ವರ್ಷ ಕ್ಲಾಸಲ್ಲಿ ಹೇಳಿದ್ರೂ ಯಾರ ಕಿವಿಗೂ ಹೋಗಿರ್ಲಿಲ್ಲ, ಕೈಲಿ ಪಾವು ಹಿಡ್ಕೊಂಡಾಗ ಹೋಯ್ತು.

ಇಟ್ಟಿಗೆ ಪಾಠ ಮಾತ್ರ ಫ್ಲಾಪ್. ಹರಪ್ಪದ ಇಟ್ಟಿಗೆ ದಪ್ಪ ಅಗಲ ಉದ್ದ ಒಂದಕ್ಕೆರಡು, ಎರಡಕ್ಕೆ ನಾಲ್ಕು, ನಿಮ್ಮನೆ ಇಟ್ಟಿಗೆ ಅಳೆದು ಹೇಳಿ ಅಂದ್ರೆ ಅರ್ಧಕ್ಕರ್ಧ ಜನದ ಮನೆ ಜಂಬಿಟ್ಟಿಗೆ ಕಲ್ಲಿಂದು. ನನ್ನ ಮನೆಯೂ ಅದೇ, ನನಗೇ ಹೊಳೀಲಿಲ್ಲ.

ಲಿಪಿ ವಿಷಯದಲ್ಲಿ ವಾರಕ್ಕೊಂದು ಫಾರ್ವರ್ಡ್ ಬರ್ತಿತ್ತು, ಸಿಂಧೂ ಲಿಪಿ ಓದಿ ಆಯ್ತು ಅಂತ. ಲಿಪಿ ತಜ್ಞ ಐರಾವತಂ ಮಹದೇವನ್ 1977ರಲ್ಲಿ 417 ಚಿಹ್ನೆ ಪಟ್ಟಿ ಮಾಡಿದ್ರು, ಒಂದು ಮುದ್ರೆ ಮೇಲೆ ಸರಾಸರಿ ಇರೋದು ಐದೇ ಚಿಹ್ನೆ, ಈಜಿಪ್ಟಿಗೆ ರೊಸೆಟ್ಟಾ ಕಲ್ಲು ಸಿಕ್ಕಿದ ಹಂಗೆ ಎರಡು ಭಾಷೇಲಿ ಬರೆದಿದ್ದು ಇಲ್ಲಿ ಸಿಕ್ಕಿಲ್ಲ, ಐದು ಅಕ್ಷರದಲ್ಲಿ ನಿಮ್ಮ ಹೆಸರು ಬರೆದು ಕಳಿಸಿದ್ರೆ ಅದರಿಂದ ನಾನು ಕನ್ನಡ ಕಲಿಯೋಕಾಗುತ್ತಾ ಅಂತ ವಾಪಸ್ ಕೇಳ್ದೆ. ಫಾರ್ವರ್ಡು ನಿಲ್ಲಲಿಲ್ಲ, ಸ್ವಲ್ಪ ಕಮ್ಮಿ ಆಯ್ತು.

ಆದ್ರೆ ಇಡೀ ಸೆಮಿಸ್ಟರಲ್ಲಿ ನನ್ನನ್ನ ಒದ್ದಾಡಿಸಿದ್ದು ಆಗುಂಬೆ ಕಡೆಯ ಒಬ್ಬಳ ಪ್ರಶ್ನೆ. "ಮೇಡಂ, ನೀರಿದ್ದಲ್ಲಿ ನಾಗರಿಕತೆ ಅಂತ ಪುಸ್ತಕದಲ್ಲಿದೆ, ನಮ್ಮಲ್ಲಿ ಇಷ್ಟು ನೀರು ಸುರೀತದೆ, ಮತ್ತೆ ಎಂತಕ್ಕೆ ಮಳೆನೇ ಇಲ್ಲದ ಇರಾಕಲ್ಲಿ ಹುಟ್ಟಿದ್ದು?" ಆಗುಂಬೇಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಸುಮೇರ್ ನಾಗರಿಕತೆ ಇದ್ದ ದಕ್ಷಿಣ ಇರಾಕಲ್ಲಿ ಇನ್ನೂರು ಮಿಲಿಮೀಟರೂ ಇಲ್ಲ. ಸಿದ್ಧ ಉತ್ತರ ನನ್ನತ್ರ ಇರ್ಲಿಲ್ಲ, ನಾಡಿದ್ದು ಹೇಳ್ತೀನಿ ಅಂದು ಎರಡು ದಿನ ಕೂತೆ.

ಹೇಳಿದ್ದು ಹಿಂಗೆ. ನಿಮ್ಮನೇಲಿ ನೀರು ಸಮಸ್ಯೆ ಅಂದ್ರೆ ಎಂತದು, ತೋಟದಿಂದ ನೀರು ಹೊರಗೆ ಹಾಕೋದು, ಬಸಿಗಾಲುವೆ ತೆಗೆಯೋದು, ಒಂದೊಂದು ಮನೆಯವರು ತಮ್ಮಷ್ಟಕ್ಕೆ ಮಾಡ್ಕೊಳ್ಳೋ ಕೆಲಸ, ಹಂಗಾಗಿ ಗುಡ್ಡಕ್ಕೊಂದು ಮನೆ. ಅಲ್ಲಿ ಸಮಸ್ಯೆ ನೀರು ಒಳಗೆ ತರೋದು. ಈಜಿಪ್ಟಿನ ನೈಲ್ ನದಿ ಒಳ್ಳೇದು, ಆಗ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಉಕ್ಕಿ, ಮಣ್ಣು ಬಿಟ್ಟು, ಬಿತ್ತನೆ ಹೊತ್ತಿಗೆ ಇಳೀತಿತ್ತು. ಇರಾಕಿನ ಟೈಗ್ರಿಸ್ ಯೂಫ್ರೆಟಿಸ್ ಹಂಗಲ್ಲ, ಏಪ್ರಿಲ್ ಮೇ ಹೊತ್ತಿಗೆ, ಪೈರು ಕೊಯ್ಲಿಗೆ ನಿಂತಾಗ ಉಕ್ತಿದ್ವು, ನಮ್ಮಲ್ಲಿ ಗದ್ದೆ ಕೊಯ್ದು ಹಾಕಿದಾಗ ಅಕಾಲ ಮಳೆ ಬರುತ್ತಲ್ಲ ಹಂಗೆ. ಒಡ್ಡು ಹಾಕ್ಬೇಕು, ನಾಲೆ ತೆಗೀಬೇಕು, ಹೂಳು ಎತ್ತಬೇಕು, ಯಾರ ಗದ್ದೆಗೆ ಯಾವತ್ತು ನೀರು ಅಂತ ಬರೆದಿಡಬೇಕು, ಇದು ಒಂದು ಮನೆ ಕೆಲಸ ಅಲ್ಲ. ಆ ಕಡೆ ಈ ಕಡೆ ಮರಳುಗಾಡು, ಸಿಟ್ಟು ಬಂದು ಎದ್ದು ಹೋಗ್ತೀನಿ ಅಂದ್ರೂ ಹೋಗೋಕೆ ಜಾಗ ಇಲ್ಲ. ಇದೊಂದೇ ಕಾರಣ ಅಂತ ಈಗ ಯಾರೂ ಹೇಳಲ್ಲ, ಆದ್ರೆ ಮಲೆನಾಡಿನ ಪಕ್ಕದಲ್ಲಿ ಇಟ್ಟು ನೋಡಿದ್ರೆ ಚೆನ್ನಾಗಿ ಕಾಣುತ್ತೆ.

ಅವಳು ಬಿಡ್ಲಿಲ್ಲ, ಮತ್ತೆ ಮಣ್ಣು? ಅಂದ್ಲು. ನಿಮ್ಮಪ್ಪ ತೋಟಕ್ಕೆ ಸುಣ್ಣ ಯಾಕೆ ಹಾಕ್ತಾರೆ ಕೇಳು ಅಂದೆ. ಮಳೆ ಎಲ್ಲಾ ತೊಳ್ಕೊಂಡು ಹೋಗಿ ನಮ್ಮ ಮಣ್ಣು ಹುಳಿ. ಅಲ್ಲಿ ತೊಳೆಯೋಕೆ ಮಳೆ ಇಲ್ಲ, ನಾಲೆ ನೀರು ಆವಿ ಆಗಿ ಉಪ್ಪು ಮೇಲೆ ಉಳಿಯುತ್ತೆ, ಉಪ್ಪಿಗೆ ಗೋಧಿ ತಡೆಯಲ್ಲ, ಬಾರ್ಲಿ ತಡೆಯುತ್ತೆ, ಹಂಗಾಗಿ ಸುಮೇರಲ್ಲಿ ಬರ್ತಾ ಬರ್ತಾ ಗೋಧಿ ಹೋಗಿ ಬಾರ್ಲಿ ಹೆಚ್ಚಾಯ್ತು ಅನ್ನೋ ವಾದ ಇದೆ. ಅವರಪ್ಪನೇ ಫೋನ್ ತಗೊಂಡು ಅರ್ಧ ಗಂಟೆ ಮಾತಾಡಿದ್ರು.

ಹಮ್ಮುರಾಬಿ ಪಾಠದ ದಿನ ನಾನು ಕಣ್ಣಿಗೆ ಕಣ್ಣು ಹೇಳ್ಲೇ ಇಲ್ಲ, ಅದು ಎಲ್ಲರಿಗೂ ಗೊತ್ತು. ಅವನು ಕಲ್ಲಿನ ಮೇಲೆ ಕೆತ್ತಿಸಿದ ಕಟ್ಟಳೆಗಳಲ್ಲಿ ಐವತ್ತೈದನೇದು ಓದಿದೆ, ಒಬ್ಬ ನೀರು ಹಾಯಿಸೋಕೆ ನಾಲೆ ತೆಗೆದು ಅಜಾಗರೂಕತೆಯಿಂದ ಬಿಟ್ಟು ಪಕ್ಕದವನ ಹೊಲ ಮುಳುಗಿಸಿದ್ರೆ, ನಷ್ಟ ಆದಷ್ಟು ಧಾನ್ಯ ಕೊಡಬೇಕು ಅಂತ. ಐದು ನಿಮಿಷದಲ್ಲಿ ಸಾಗರದ ಹುಡುಗನ ಮೆಸೇಜು, "ಮೇಡಂ ನಮ್ಮ ದೊಡ್ಡಪ್ಪಂಗೂ ಕೆಳಗಿನ ತೋಟದವರಿಗೂ ಹನ್ನೆರಡು ವರ್ಷದಿಂದ ಇದೇ ಕೇಸು, ಆ ಕಲ್ಲು ಈಗ ಎಲ್ಲಿದೆ?" ಪ್ಯಾರಿಸ್ಸಲ್ಲಿದೆ ಮಾರಾಯ, 1901ರಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕಿದ್ದು ಅಂದೆ.

ಹಾಜರಿ ತಗೊಳ್ಳೋಕೆ ಮೇಲಿಂದ ಒತ್ತಡ ಇತ್ತು, ನನಗೆ ಹಾಜರಿ ಅಂದ್ರೆ ಅಲರ್ಜಿ. ಈಜಿಪ್ಟಿನ ರಾಜ ಎರಡನೇ ರಾಮ್ಸೆಸ್‌ನ ಆಳ್ವಿಕೆಯ ನಲವತ್ತನೇ ವರ್ಷದ ಒಂದು ಸುಣ್ಣಕಲ್ಲಿನ ಚೂರಿದೆ, ರಾಜರ ಗೋರಿ ಕೊರೆಯೋ ಕೆಲಸದವರ ಹಾಜರಿ ಪುಸ್ತಕ ಅದು, ನಲವತ್ತು ಜನದ ಹೆಸರು, ಬರದೇ ಇದ್ದ ದಿನದ ಮೇಲೆ ಕೆಂಪು ಶಾಯೀಲಿ ಕಾರಣ: ಚೇಳು ಕಡೀತು, ಹುಷಾರಿಲ್ಲ, ಬಿಯರ್ ಕಾಯಿಸ್ತಿದ್ದ, ಸತ್ತವರಿಗೆ ಬಟ್ಟೆ ಸುತ್ತೋಕೆ ಹೋಗಿದ್ದ. ಅದನ್ನ ಕಳಿಸಿ, ನೀವೂ ಹಿಂಗೇ ನಿಜವಾದ ಕಾರಣ ಬರೀರಿ ಅಂದೆ. ನಟ್ಟಿ ಇತ್ತು, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋಕೆ ಜನ ಬಂದಿದ್ರು, ಕರೆಂಟ್ ಹೋಗಿ ನಾಲ್ಕು ದಿನ, ಫೋನ್ ಅಣ್ಣ ತಗೊಂಡು ಹೋದ. ಜ್ವರ ಅಂತ ಸುಳ್ಳು ಹೇಳೋದು ನಿಂತ್ಹೋಯ್ತು. ಆ ಪಟ್ಟಿ ನನ್ನತ್ರ ಇನ್ನೂ ಇದೆ, ರೂಲ್ಸ್ ಪ್ರಕಾರ ಅದು ಹಾಜರಿ ಅಲ್ಲ, ಅದಕ್ಕೆ ನಾನು ಬೈಸ್ಕೊಂಡಿದ್ದೂ ಆಯ್ತು.

ಕೊನೇ ಆಡಿಯೋ ಸುಮೇರಿನ ಊರ್ ಅನ್ನೋ ನಗರದ ಒಂದು ಮಣ್ಣಿನ ಹಲಗೆ ಬಗ್ಗೆ, ಸುಮಾರು ಕ್ರಿ.ಪೂ. 1750ರದ್ದು, ನಮ್ಮ ಮೊಬೈಲಿಗಿಂತ ಚಿಕ್ಕದು. ನನ್ನಿ ಅನ್ನೋನು ಎಯಾ-ನಾಸಿರ್ ಅನ್ನೋ ತಾಮ್ರದ ವ್ಯಾಪಾರಿಗೆ ಬರೆದ ಬೈಗುಳ. ನೀನು ಒಳ್ಳೆ ತಾಮ್ರದ ಗಟ್ಟಿ ಕೊಡ್ತೀನಿ ಅಂದು ಕಳಪೆ ತೋರಿಸಿದೆ, ಬೇಕಾದ್ರೆ ತಗೋ ಇಲ್ಲಾಂದ್ರೆ ಹೋಗು ಅಂದೆ, ಶತ್ರುಗಳ ಸೀಮೆ ದಾಟಿ ಬಂದ ನನ್ನ ಆಳನ್ನ ಬರಿಗೈಲಿ ಕಳಿಸಿದೆ, ಇನ್ಮೇಲೆ ನನ್ನ ಅಂಗಳದಲ್ಲಿ ಒಂದೊಂದೇ ಗಟ್ಟಿ ಆರಿಸಿ ತಗೊಳ್ಳೋನು ನಾನು ಅಂತ. ಶಿವಮೊಗ್ಗದವರಿಗೆ ಇದನ್ನ ವಿವರಿಸೋದೇ ಬೇಡ, ಮಂಡಿಗೆ ಅಡಿಕೆ ಹಾಕಿದವರ ಮನೇಲಿ ಒಳ್ಳೆ ದರ್ಜೆಯ ಸರಕು ಯಾವುದು ಕಮ್ಮಿ ದರ್ಜೆಯ ಗೊರಬಲು ಯಾವುದು ಅನ್ನೋ ಜಗಳ ಕೇಳದೆ ಬೆಳೆದವರು ಯಾರಿದಾರೆ.

ರಾತ್ರಿ ಆಗುಂಬೆ ಹುಡುಗಿಯ ವಾಯ್ಸ್ ಮೆಸೇಜ್ ಬಂತು, ಹಿಂದೆ ಒಲೆ ಉರಿಯೋ ಶಬ್ದ. ಆಡಿಯೋನ ಅವಳು ಅಡಿಗೆಮನೇಲಿ ಜೋರಾಗಿ ಹಾಕ್ತಾಳಂತೆ, ಎಲ್ಲರೂ ಕೇಳ್ತಾರಂತೆ. "ಮೇಡಂ, ಅಜ್ಜಿ ಎಂತದೋ ಕೇಳ್ಬೇಕಂತೆ" ಅಂದು ಫೋನ್ ಕೊಟ್ಲು. ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು, "ಅಲ್ಲಾ ಮೇಡಮ್ಮಾ, ಆಮೇಲೆ ಅವಂಗೆ ದುಡ್ಡು ವಾಪಸ್ ಬಂತಾ?" ಅಂದ್ರು.

ರಶೀದಿ ಎಂತದೂ ಸಿಕ್ಕಿಲ್ಲ ಅಜ್ಜಿ ಅಂತ ಕಳಿಸಿದೆ. "ಹಂಗಾದ್ರೆ ಬಂದಿಲ್ಲ ಬಿಡಿ" ಅಂತ ವಾಪಸ್ ಬಂತು.